ತಿರುವಿನಲ್ಲಿ ಆಯಿಲ್ ನಿಲ್ಲಬಾರದು: ಸುಬಾರು ಎಸ್‌ಟಿಐ ಎಂಜಿನ್‌ಗೆ ಆಯಿಲ್ ಭಾಗಗಳನ್ನು ಆರಿಸಿ ಜೋಡಿಸುವ ಕ್ರಮ

ಬೆಂಗಳೂರಿನಲ್ಲಿ ಬೆಳೆದವರಿಗೆ ಸಂಪ್ ಎಂದರೆ ಮೊದಲು ನೆನಪಾಗುವುದು ಮನೆಯ ಮುಂದೆ ನೆಲದಡಿಯಲ್ಲಿರುವ ನೀರಿನ ತೊಟ್ಟಿ. ಬೇಸಿಗೆಯಲ್ಲಿ ನೀರು ಫುಟ್‌ವಾಲ್ವ್‌ಗಿಂತ ಕೆಳಗಿಳಿದಾಗಲೂ ಮೋಟಾರು ತಿರುಗುತ್ತಲೇ ಇರುತ್ತದೆ. ಸದ್ದು ಮಾತ್ರ ಬದಲಾಗುತ್ತದೆ, ಮೇಲಿನ ಟ್ಯಾಂಕಿಗೆ ಒಂದು ಹನಿಯೂ ಏರುವುದಿಲ್ಲ. ಮೋಟಾರು ಗಾಳಿ ಎಳೆಯುತ್ತಿದೆ ಎಂದು ಮನೆಯವರು ಓಡಿಹೋಗಿ ಸ್ವಿಚ್ ಆರಿಸುತ್ತಾರೆ. ಕಾರಿನ ಎಂಜಿನ್ನಿನ ತಳದಲ್ಲಿರುವ ಆಯಿಲ್ ಸಂಪ್‌ನಲ್ಲಿ, ನಮ್ಮ ಗ್ಯಾರೇಜುಗಳಲ್ಲಿ ಚೇಂಬರ್ ಎಂದು ಕರೆಯುವ ಆ ತಟ್ಟೆಯಲ್ಲಿ, ನಡೆಯುವುದೂ ಇದೇ. ಅಲ್ಲಿ ಫುಟ್‌ವಾಲ್ವಿನ ಜಾಗದಲ್ಲಿರುವುದು ಪಿಕಪ್ ಎಂಬ ಕೊಳವೆ. ಆದರೆ ಕಾರಿನಲ್ಲಿ ಆಯಿಲ್ ಖಾಲಿಯಾಗದೆಯೂ ಪಿಕಪ್ ಗಾಳಿ ಎಳೆಯಬಲ್ಲದು, ಮತ್ತು ಓಡಿಹೋಗಿ ಸ್ವಿಚ್ ಆರಿಸುವಷ್ಟು ಹೊತ್ತು ಯಾರಿಗೂ ಸಿಗುವುದಿಲ್ಲ.

ಒಳ್ಳೆಯ ಟೈರು ಹಾಕಿದ ಕಾರು ತಿರುವಿನಲ್ಲಿ ಗುರುತ್ವದಷ್ಟೇ ಬಲವನ್ನು, ಅಂದರೆ 1 ಜಿ ಬಲವನ್ನು, ಪಕ್ಕಕ್ಕೆ ಹುಟ್ಟಿಸುತ್ತದೆ. ಆಗ ಸಂಪ್‌ನಲ್ಲಿರುವ ಆಯಿಲಿನ ಮೇಲ್ಮೈ 45 ಡಿಗ್ರಿ ಓರೆಯಾಗಿ ನಿಲ್ಲುತ್ತದೆ. ಊರಿನ ರಸ್ತೆಯಲ್ಲಿ ಇದು ಅರೆಕ್ಷಣದ ಮಾತು. ಕ್ಯಾಲಿಫೋರ್ನಿಯಾದ ವಿಲೋಸ್ ಊರಿನ ಬಳಿಯ ಥಂಡರ್‌ಹಿಲ್ ಟ್ರ್ಯಾಕಿನ ಎರಡನೆಯ ತಿರುವಿನಂತಹ ಕಡೆ, ಎಡಕ್ಕೆ ಒಂದೇ ಸಮನೆ ಸುತ್ತಿಕೊಂಡು ಹೋಗುವ ಉದ್ದನೆಯ ತಿರುವಿನಲ್ಲಿ, ಅದು ಹಲವು ಸೆಕೆಂಡುಗಳ ಮಾತಾಗುತ್ತದೆ. ಎಂಜಿನ್ 6000 ಆರ್‌ಪಿಎಂನಲ್ಲಿದ್ದರೆ ಕ್ರ್ಯಾಂಕ್, ಅಂದರೆ ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡ, ಒಂದು ಸೆಕೆಂಡಿಗೆ 100 ಸುತ್ತು ಹಾಕುತ್ತದೆ. ಕ್ರ್ಯಾಂಕಿಗೂ ಬೇರಿಂಗಿಗೂ ನಡುವಿನ ಸಂದು ತಲೆಗೂದಲಿಗಿಂತ ತೆಳು, ಸುಮಾರು 0.02ರಿಂದ 0.05 ಮಿ.ಮೀ. ಆ ಸಂದಿನಲ್ಲಿ ಆಯಿಲಿನ ಬದಲು ನೊರೆ ಬಂದರೆ ಒಂದೇ ಸೆಕೆಂಡಿನಲ್ಲಿ ಲೋಹದ ಮೇಲೆ ಲೋಹ ನೂರು ಸಲ ಉಜ್ಜುತ್ತದೆ.

ಈ ಬರಹದಲ್ಲಿ ಸುಬಾರುವಿನ ಇಜೆ257 ಎಂಜಿನ್ನನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. 2004ರ ಮಾದರಿಯಿಂದ 2021ರ ಮಾದರಿಯವರೆಗೆ ಅಮೆರಿಕದಲ್ಲಿ ಮಾರಾಟವಾದ ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ ಕಾರುಗಳಲ್ಲಿ ಇರುವುದು ಈ 2.5 ಲೀಟರಿನ ಟರ್ಬೊ ಎಂಜಿನ್. ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ ಇದನ್ನು ಓಡಿಸುವ ಕನ್ನಡಿಗರು ಸಾಕಷ್ಟು ಮಂದಿ ಇದ್ದಾರೆ; ಟ್ರ್ಯಾಕಿಗೆ ಒಯ್ಯುವ ಮುನ್ನ ಯಾವ ಭಾಗ ಕೊಳ್ಳಬೇಕೆಂದು ಕೇಳುವವರೂ ಇದ್ದಾರೆ. ನನ್ನ ಅಭಿಪ್ರಾಯ ಮೊದಲಿನಿಂದಲೂ ಒಂದೇ: ಎಂಜಿನ್ನನ್ನು ಉಳಿಸುವುದು ಹೆಚ್ಚಿನ ಒತ್ತಡವಲ್ಲ, ಕಡಿಯದೆ ಬರುವ ಆಯಿಲ್. ಭಾಗಗಳನ್ನು ಕೊಳ್ಳುವ ಕ್ರಮವನ್ನು ಈ ಮಾತೇ ನಿರ್ಧರಿಸಬೇಕು.

ಇಜೆ257ರಂತಹ ಬಾಕ್ಸರ್ ಎಂಜಿನ್ನಿಗೆ ಈ ತೊಂದರೆ ಬೇರೆಯವಕ್ಕಿಂತ ಹೆಚ್ಚು. ಸಾಮಾನ್ಯ ಎಂಜಿನ್ನಿನಲ್ಲಿ ಸಿಲಿಂಡರ್ ಹೆಡ್ ಮೇಲಿರುತ್ತದೆ. ಅಲ್ಲಿಗೆ ಹೋದ ಆಯಿಲ್ ತನ್ನಷ್ಟಕ್ಕೆ ಕೆಳಗಿಳಿದು ಬರುತ್ತದೆ. ಇಜೆ ಎಂಜಿನ್ನಿನಲ್ಲಿ ಸಿಲಿಂಡರುಗಳು ಎರಡೂ ಬದಿಗೆ ಮಲಗಿರುವುದರಿಂದ ಹೆಡ್‌ಗಳು ಸಂಪ್‌ಗಿಂತ ಬಹಳ ಎತ್ತರದಲ್ಲಿರುವುದಿಲ್ಲ. ಉದ್ದನೆಯ ಎಡ ತಿರುವಿನಲ್ಲಿ ಬಲಗಡೆಯ ಹೆಡ್ಡಿನ ಆಯಿಲ್ ಹಿಂದಿರುಗಲಾಗದೆ ಅಲ್ಲೇ ನಿಲ್ಲುತ್ತದೆ, ಪಂಪ್ ಮಾತ್ರ ಸಂಪ್‌ನಿಂದ ಎಳೆಯುತ್ತಲೇ ಇರುತ್ತದೆ. ಇಡೀ ಎಂಜಿನ್ನಿನಲ್ಲಿರುವುದೇ ನಾಲ್ಕು ಲೀಟರಿನ ಆಸುಪಾಸು ಆಯಿಲ್ ಎಂಬುದನ್ನು ನೆನೆದರೆ, ಪಿಕಪ್ಪಿನ ಬಾಯಿ ಎಷ್ಟು ಬೇಗ ತೆರೆದುಕೊಳ್ಳಬಹುದು ಎಂಬುದು ಅರ್ಥವಾಗುತ್ತದೆ.

ಮೊದಲು ಅಳೆಯಿರಿ

ಕೊಳ್ಳಬೇಕಾದ ಮೊದಲ ಭಾಗ ಆಯಿಲ್ ಒತ್ತಡದ ಗೇಜು, ಅದರ ಜೊತೆಗೇ ತಾಪದ ಗೇಜು. ಡ್ಯಾಶ್‌ಬೋರ್ಡಿನಲ್ಲಿ ಕಂಪನಿಯೇ ಕೊಟ್ಟಿರುವ ಕೆಂಪು ದೀಪವನ್ನು ನೆಚ್ಚಿಕೊಳ್ಳಬೇಡಿ. ಆ ದೀಪದ ಸ್ವಿಚ್ ಕೆಲಸ ಮಾಡುವುದು ಒತ್ತಡ ಸುಮಾರು 15 ಕಿಲೋಪಾಸ್ಕಲ್, ಅಂದರೆ 2 ಪಿಎಸ್‌ಐ ಆಸುಪಾಸಿಗೆ ಇಳಿದಾಗ. ಅದೇ ಎಂಜಿನ್ನಿನ ಸರ್ವಿಸ್ ಪುಸ್ತಕ 5000 ಆರ್‌ಪಿಎಂನಲ್ಲಿ, ಆಯಿಲ್ ತಾಪ 80 ಡಿಗ್ರಿ ಸೆಲ್ಸಿಯಸ್ ಇರುವಾಗ, ಕನಿಷ್ಠ 294 ಕಿಲೋಪಾಸ್ಕಲ್, ಅಂದರೆ 43 ಪಿಎಸ್‌ಐ ಒತ್ತಡ ಇರಬೇಕೆನ್ನುತ್ತದೆ. ಐಡಲ್‌ನಲ್ಲಿ 98 ಕಿಲೋಪಾಸ್ಕಲ್, 14 ಪಿಎಸ್‌ಐ. ನಲವತ್ತಮೂರಕ್ಕೂ ಎರಡಕ್ಕೂ ನಡುವೆ ಇರುವ ಅಂತರದಲ್ಲೇ ಬೇರಿಂಗ್ ಹಾಳಾಗುತ್ತದೆ, ದೀಪ ಆಗಲೂ ಆರಿಯೇ ಇರುತ್ತದೆ. ಅದು ಹೊತ್ತಿಕೊಂಡಾಗ ನೋಡಲು ಏನೂ ಉಳಿದಿರುವುದಿಲ್ಲ.

ಒತ್ತಡದ ಸೆನ್ಸರ್ ಕೂರಿಸಲು ಅನುಕೂಲವಾದ ಜಾಗ ಆಲ್ಟರ್ನೇಟರಿನ ಕೆಳಗೆ, ಕಂಪನಿಯ ಸ್ವಿಚ್ ಇರುವ ತೂತು. ಇಲ್ಲಿ ಒಂದು ಎಚ್ಚರಿಕೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಮೆರಿಕದಲ್ಲಿ ಸಿಗುವ ಬಹುಪಾಲು ಸೆನ್ಸರುಗಳ ಥ್ರೆಡ್ 1/8 ಎನ್‌ಪಿಟಿ. ಇಂಚಿಗೆ 27 ಸುತ್ತು, ಕೋನ 60 ಡಿಗ್ರಿ. ಸುಬಾರುವಿನ ಬ್ಲಾಕಿನಲ್ಲಿರುವುದು 1/8 ಬಿಎಸ್‌ಪಿಟಿ; ಇಂಚಿಗೆ 28 ಸುತ್ತು, ಕೋನ 55 ಡಿಗ್ರಿ. ಕೈಯಲ್ಲಿ ಹಿಡಿದು ನೋಡಿದರೆ ಎರಡೂ ಒಂದೇ. ನಾನು ಮೊದಲ ಸಲ ಜೋಡಿಸಿದಾಗ ಎನ್‌ಪಿಟಿ ಅಡಾಪ್ಟರನ್ನೇ ಹಿಡಿದೆ. ಎರಡು ಸುತ್ತು ಬೆರಳಿನಲ್ಲೇ ಸಲೀಸಾಗಿ ಹೋಯಿತು, ಮೂರನೆಯದು ಬಿಗಿಯಾಯಿತು, ಟೇಪರ್ ಥ್ರೆಡ್ ಅಲ್ಲವೇ, ಬಿಗಿಯಾಗಲೇಬೇಕು ಎಂದುಕೊಂಡು ಸ್ಪ್ಯಾನರ್ ಹಾಕಿ ಅರ್ಧ ಸುತ್ತು ಎಳೆದೆ. ಎಂಜಿನ್ ತಣ್ಣಗಿರುವಾಗ ಒಂದು ಹನಿಯೂ ಸೋರಲಿಲ್ಲ. ಬಿಸಿಯಾದ ಮೇಲೆ ಅಡಾಪ್ಟರಿನ ಬುಡದಲ್ಲಿ ಆಯಿಲಿನ ಸಣ್ಣ ಉಂಗುರವೊಂದು ಮೂಡಿ, ಅಲ್ಲಿಂದ ಬ್ಲಾಕಿನ ಮೇಲೆ ಇಳಿಯತೊಡಗಿತು. ಬಿಚ್ಚಿ ನೋಡಿದಾಗ ಅಲ್ಯೂಮಿನಿಯಮ್ ಬ್ಲಾಕಿನ ಮೊದಲ ಮೂರು ಥ್ರೆಡ್ಡುಗಳ ತುದಿ ಕೂದಲಿನಂತೆ ಎದ್ದಿತ್ತು. ಬಿಎಸ್‌ಪಿಟಿ ಟ್ಯಾಪ್‌ನಿಂದ (ಥ್ರೆಡ್ ಕೊರೆಯುವ ಉಪಕರಣ) ಅದನ್ನು ಸರಿಪಡಿಸಲು ಸಾಧ್ಯವಾಯಿತು, ಆದರೆ ಇನ್ನರ್ಧ ಸುತ್ತು ಎಳೆದಿದ್ದರೆ ಬ್ಲಾಕ್ ಸೀಳುತ್ತಿತ್ತು. ಆದ್ದರಿಂದ ಬಿಎಸ್‌ಪಿಟಿಯಿಂದ ಎನ್‌ಪಿಟಿಗೆ ಬದಲಿಸುವ ಅಡಾಪ್ಟರನ್ನು ಗೇಜಿನ ಜೊತೆಗೇ ತರಿಸಿಕೊಳ್ಳಿ, ಬಂದ ಮೇಲೆ ಥ್ರೆಡ್ ಗೇಜಿನಿಂದ ಎಣಿಸಿ ನೋಡಿ.

ಸೆನ್ಸರನ್ನು ಬ್ಲಾಕಿಗೆ ನೇರವಾಗಿ ಸಿಕ್ಕಿಸದೆ, ಸಣ್ಣ ಹೆಣೆದ ಹೋಸ್ ಒಂದರ ತುದಿಗೆ ಹಾಕಿ, ಬಾಡಿಗೆ ಕ್ಲಾಂಪ್ ಮಾಡಿ. ಭಾರವಾದ ಸೆನ್ಸರ್ ಕಂಪನಕ್ಕೆ ಅಲುಗಾಡಿ ಅಡಾಪ್ಟರಿನ ಕುತ್ತಿಗೆಯನ್ನು ಮುರಿಯುತ್ತದೆ. ಮುರಿದರೆ ಸಂಪ್‌ನ ಆಯಿಲ್ ಎಲ್ಲ ಬಿಸಿ ಎಕ್ಸಾಸ್ಟಿನ ಮೇಲೆ ಸುರಿಯುತ್ತದೆ. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಬದಲು ಲಿಕ್ವಿಡ್ ಸೀಲಂಟ್ ಬಳಸುವುದು ಮೇಲು, ಏಕೆಂದರೆ ಹರಿದ ಟೇಪಿನ ಎಳೆಗಳು ಆಯಿಲಿನ ದಾರಿಯೊಳಗೆ ಸೇರಿಕೊಳ್ಳುತ್ತವೆ.

ಮುಳ್ಳಿನ ಗೇಜು ಒಂದೇ ಸಾಲದು. ತಿರುವಿನಲ್ಲಿ ಕಣ್ಣು ರಸ್ತೆಯ ಮೇಲಿರಬೇಕು, ಗೇಜಿನ ಮೇಲಲ್ಲ. 5000 ಆರ್‌ಪಿಎಂ ದಾಟಿದ ಮೇಲೆ ಒತ್ತಡ 43 ಪಿಎಸ್‌ಐಗಿಂತ ಕೆಳಗಿಳಿದರೆ ಜೋರಾದ ದೀಪವೋ ಸದ್ದೋ ಎಚ್ಚರಿಸುವಂತೆ ಹೊಂದಿಸಿ. ಇನ್ನೂ ಒಳ್ಳೆಯದೆಂದರೆ ಒತ್ತಡ, ಆರ್‌ಪಿಎಂ, ಪಕ್ಕದ ಜಿ ಬಲ ಮೂರನ್ನೂ ಒಂದೇ ಕಡತದಲ್ಲಿ ದಾಖಲಿಸುವ ಲಾಗರ್. ಸೆಕೆಂಡಿಗೆ ಹತ್ತು ಸಲವಾದರೂ ಅದು ಓದಿಕೊಳ್ಳಬೇಕು. ದಾಖಲೆಯನ್ನು ನೋಡುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಆರ್‌ಪಿಎಂ ಏರಿದ್ದರೂ ಒತ್ತಡ ಇಳಿದ ಜಾಗ ಯಾವುದು? ಅದು ಪ್ರತಿ ಸುತ್ತಿನಲ್ಲೂ ಅದೇ ತಿರುವಿನಲ್ಲಿ ಬಿದ್ದರೆ ಪಿಕಪ್ ಗಾಳಿ ಎಳೆಯುತ್ತಿದೆ. ತಿರುವನ್ನು ಲೆಕ್ಕಿಸದೆ ಸುತ್ತಿನಿಂದ ಸುತ್ತಿಗೆ ನಿಧಾನವಾಗಿ ಇಳಿಯುತ್ತ ಹೋದರೆ ಆಯಿಲ್ ಕಾದು ತೆಳುವಾಗುತ್ತಿದೆ. ಮೊದಲನೆಯದಕ್ಕೆ ಪಿಕಪ್ ಮತ್ತು ಸಂಪ್, ಎರಡನೆಯದಕ್ಕೆ ಕೂಲರ್ ಮದ್ದು. ಇವೆರಡನ್ನು ಬೇರ್ಪಡಿಸದೆ ಹಣ ಖರ್ಚು ಮಾಡುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಪಿಕಪ್, ಬ್ಯಾಫಲ್, ಸಂಪ್

ಇಜೆ ಎಂಜಿನ್ನಿನ ಕಂಪನಿ ಪಿಕಪ್, ತೆಳು ಕೊಳವೆಗೆ ಬ್ರಾಕೆಟ್ಟನ್ನು ಬ್ರೇಜಿಂಗ್ ಮಾಡಿ ಅಂಟಿಸಿದ ಭಾಗ. ವರ್ಷಾನುಗಟ್ಟಲೆ ಕಂಪಿಸಿ ಆ ಜೋಡಣೆಯ ಬಳಿ ಬಿರುಕು ಬಿಡುವುದು ಈ ಎಂಜಿನ್ ಬಿಚ್ಚುವವರಿಗೆಲ್ಲ ಗೊತ್ತಿರುವ ಸಂಗತಿ. ಬಿರುಕು ಪಂಪ್ ಹೀರುವ ಬದಿಯಲ್ಲಿರುವುದರಿಂದ ಹೊರಗೆ ಏನೂ ಸೋರುವುದಿಲ್ಲ. ಒಳಗೆ ಗಾಳಿ ಮಾತ್ರ ಸೇರುತ್ತದೆ. ಡಿಪ್‌ಸ್ಟಿಕ್ ಪೂರ್ತಿ ತೋರಿಸುತ್ತಿದ್ದರೂ ಬೇರಿಂಗಿಗೆ ನೊರೆ ಹೋಗುತ್ತಿರುತ್ತದೆ. ಕಿಲ್ಲರ್ ಬಿ ಮೋಟಾರ್‌ಸ್ಪೋರ್ಟ್, ಐಎಜಿ, ಮೊರೊಸೊ ಮುಂತಾದವರು ಈ ಎಂಜಿನ್ನಿಗೆಂದೇ ದಪ್ಪ ಕೊಳವೆಯ, ವೆಲ್ಡ್ ಮಾಡಿದ ಪಿಕಪ್‌ಗಳನ್ನೋ ಸಂಪ್‌ಗಳನ್ನೋ ಮಾಡುತ್ತಾರೆ. ಟ್ರ್ಯಾಕಿಗೆ ಹೋಗದವರಿಗೂ ಪಿಕಪ್ ಬದಲಿಸುವುದು ಸಾರ್ಥಕವಾದ ಖರ್ಚು ಎಂಬುದು ನನ್ನ ನಂಬಿಕೆ.

ಒಳ್ಳೆಯ ಸಂಪ್‌ನಲ್ಲಿ ಮೂರು ಗುಣ ಹುಡುಕಬೇಕು. ಸ್ವಲ್ಪ ಹೆಚ್ಚು ಆಯಿಲ್ ಹಿಡಿಯಬೇಕು. ಪಿಕಪ್ಪಿನ ಸುತ್ತ ಬ್ಯಾಫಲ್ ಎಂಬ ಗೋಡೆ ಇದ್ದು, ಆ ಗೋಡೆಯಲ್ಲಿ ಒಳಮುಖವಾಗಿ ಮಾತ್ರ ತೆರೆಯುವ ಪುಟ್ಟ ಬಾಗಿಲುಗಳಿರಬೇಕು. ತಿರುವಿನಲ್ಲಿ ಒಳಗೆ ಬಂದ ಆಯಿಲ್ ಅದೇ ತಿರುವಿನಲ್ಲಿ ಹೊರಗೆ ಹೋಗಬಾರದು. ಮೂರನೆಯದು ವಿಂಡೇಜ್ ಟ್ರೇ, ಕ್ರ್ಯಾಂಕ್ ಮತ್ತು ಆಯಿಲಿನ ನಡುವೆ ಇರುವ ತಟ್ಟೆ. ರಭಸವಾಗಿ ಸುತ್ತುವ ಕ್ರ್ಯಾಂಕ್ ಎಬ್ಬಿಸುವ ಗಾಳಿ ಆಯಿಲನ್ನು ಕಡೆದು ನೊರೆ ಮಾಡದಂತೆ ಅದು ತಡೆಯುತ್ತದೆ. ಆಳ ಹೆಚ್ಚಿಸಿದ ಸಂಪ್ ಆದರೆ ನೆಲಕ್ಕೆ ಎಷ್ಟು ಹತ್ತಿರ ಬರುತ್ತದೆ ಎಂದು ಅಳೆಯದೆ ಕೊಳ್ಳಬೇಡಿ. ಕಾರನ್ನು ತಗ್ಗಿಸಿದವರು ಇದನ್ನು ಮರೆತು, ಟ್ರ್ಯಾಕಿನ ಅಂಚಿನ ಕಲ್ಲಿಗೆ ಚೇಂಬರ್ ಬಡಿಸಿಕೊಳ್ಳುತ್ತಾರೆ.

ಕೆಲಸದ ಕ್ರಮ ಹೀಗೆ. ಎಂಜಿನ್ನನ್ನು ಹೊರಗೆ ತೆಗೆಯದೆಯೂ ಸಂಪ್ ಬಿಚ್ಚಬಹುದು, ಆದರೆ ಎಂಜಿನ್ ಮೌಂಟಿನ ನಟ್ಟುಗಳನ್ನು ಸಡಿಲಿಸಿ ಎಂಜಿನ್ನನ್ನು ಮೇಲಿನಿಂದ ತುಸು ಎತ್ತಿ ಹಿಡಿಯಬೇಕಾಗುತ್ತದೆ. ಕಾರನ್ನು ಜ್ಯಾಕಿನ ಮೇಲೆ ಬಿಟ್ಟು ಅಡಿಗೆ ಹೋಗಬೇಡಿ, ನಾಲ್ಕೂ ಕಡೆ ಸ್ಟ್ಯಾಂಡ್ ಕೊಡಿ. ಸಂಪ್ ಕೂರುವುದು ಲಿಕ್ವಿಡ್ ಗ್ಯಾಸ್ಕೆಟ್ ಮೇಲೆ. ಬೋಲ್ಟೆಲ್ಲ ಬಿಚ್ಚಿದರೂ ಅದು ಕಚ್ಚಿಕೊಂಡಿರುತ್ತದೆ. ಸ್ಕ್ರೂಡ್ರೈವರ್ ತುರುಕಿ ಎಬ್ಬಿದರೆ ಬ್ಲಾಕಿನ ಸಪಾಟು ಮುಖ ಗೀರು ಬೀಳುತ್ತದೆ. ತೆಳುವಾದ ಪುಟ್ಟಿ ಬ್ಲೇಡನ್ನು ಅಂಚಿನಲ್ಲಿ ಹೊಡೆಯುತ್ತ ಸುತ್ತ ಸಾಗುವುದೇ ಸರಿಯಾದ ದಾರಿ.

ಹಳೆಯ ಪಿಕಪ್ ತೆಗೆದ ಮೇಲೆ ಅದರ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಜಾಲರಿಯಲ್ಲಿ ರಬ್ಬರಿನಂತಹ ಚೂರು ಸಿಕ್ಕರೆ ಅದು ಹಿಂದೆ ಯಾರೋ ಧಾರಾಳವಾಗಿ ಬಳಿದ ಲಿಕ್ವಿಡ್ ಗ್ಯಾಸ್ಕೆಟ್ಟಿನದು. ಸಂಪ್ ಬಿಗಿದಾಗ ಗ್ಯಾಸ್ಕೆಟ್ ಹೊರಗೆ ಎಷ್ಟು ಉಬ್ಬುತ್ತದೋ ಒಳಗೂ ಅಷ್ಟೇ ಉಬ್ಬುತ್ತದೆ, ಒಳಗಿನದು ಕಿತ್ತು ಆಯಿಲಿನಲ್ಲಿ ತೇಲಿ ಪಿಕಪ್ಪಿಗೆ ಬಂದು ಅಂಟುತ್ತದೆ. ಹಾಗಾಗಿ ಹೊಸದಾಗಿ ಹಾಕುವಾಗ ಎರಡೂ ಮುಖಗಳನ್ನು ಆಯಿಲಿನ ಪಸೆ ಇಲ್ಲದಂತೆ ಒರೆಸಿ, ಸುಮಾರು 4 ಮಿ.ಮೀ. ಅಗಲದ ಒಂದೇ ಗೆರೆಯನ್ನು ಬೋಲ್ಟಿನ ತೂತುಗಳ ಒಳಬದಿಯಿಂದ ಕಡಿಯದೆ ಎಳೆಯಿರಿ.

ಪಿಕಪ್ಪಿನ ಓ-ರಿಂಗ್ ಪ್ರತಿ ಸಲವೂ ಹೊಸದೇ ಆಗಬೇಕು. ಅದಕ್ಕೆ ಆಯಿಲ್ ಸವರಿ, ಕೈಯಿಂದ ನೇರವಾಗಿ ಒತ್ತಿ ಕೂರಿಸಿ; ಓರೆಯಾಗಿ ಒತ್ತಿ ರಿಂಗ್ ಕತ್ತರಿಸಿಹೋದರೆ ಹೊಸ ಪಿಕಪ್ ಹಾಕಿದ್ದೂ ವ್ಯರ್ಥ. ಪಿಕಪ್ಪಿನ ಬೋಲ್ಟುಗಳಿಗೆ ಸುಮಾರು 10 ನ್ಯೂಟನ್ ಮೀಟರ್, ಸಂಪ್‌ನ ಸಣ್ಣ ಬೋಲ್ಟುಗಳಿಗೆ ಸುಮಾರು 5 ನ್ಯೂಟನ್ ಮೀಟರ್ ಸಾಕು. ಐದು ನ್ಯೂಟನ್ ಮೀಟರ್ ಎಂದರೆ ಬೆರಳ ತುದಿಯಲ್ಲಿ ರ‍್ಯಾಚೆಟ್ ಹಿಡಿದು ತಿರುಗಿಸಿದಷ್ಟೇ ಬಲ. ಮೊಣಕೈ ಸೇರಿಸಿದರೆ ಥ್ರೆಡ್ ಕಿತ್ತುಬರುತ್ತದೆ.

ಪಿಕಪ್ ಒಬ್ಬರದು, ಸಂಪ್ ಇನ್ನೊಬ್ಬರದು ಆಗಿದ್ದರೆ ಪಿಕಪ್ಪಿನ ಬಾಯಿಗೂ ಸಂಪ್‌ನ ತಳಕ್ಕೂ ಎಷ್ಟು ಅಂತರವಿದೆ ಎಂದು ನೀವೇ ಅಳೆಯಬೇಕು. ಮಕ್ಕಳು ಆಡುವ ಮೆತ್ತನೆಯ ಕ್ಲೇಯನ್ನು ಉಂಡೆ ಮಾಡಿ ಪಿಕಪ್ಪಿನ ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಅಡ್ಡ ಇಟ್ಟು ಅಂಟಿಸಿ, ಗ್ಯಾಸ್ಕೆಟ್ ಇಲ್ಲದೆ ಸಂಪ್ ಹಿಡಿದು ನಾಲ್ಕು ಬೋಲ್ಟು ಹಾಕಿ, ಮತ್ತೆ ಬಿಚ್ಚಿ ಚಪ್ಪಟೆಯಾದ ಕ್ಲೇಯ ದಪ್ಪವನ್ನು ಅಳೆಯಿರಿ. ತಯಾರಕರು ಬೇರೆ ಹೇಳಿರದಿದ್ದರೆ 6ರಿಂದ 10 ಮಿ.ಮೀ. ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಪಿಕಪ್ಪಿಗೆ ಉಸಿರು ಕಟ್ಟುತ್ತದೆ, ಹೆಚ್ಚಿದ್ದರೆ ತಳದಲ್ಲಿ ಆಯಿಲ್ ಇದ್ದರೂ ಬಾಯಿಗೆ ನಿಲುಕುವುದಿಲ್ಲ. ಕ್ಲೇಯನ್ನು ಎಳೆಯಷ್ಟೂ ಉಳಿಯದಂತೆ ತೆಗೆದು, ಜಾಲರಿಯನ್ನು ಮತ್ತೊಮ್ಮೆ ನೋಡಿದ ಮೇಲೆಯೇ ಗ್ಯಾಸ್ಕೆಟ್ ಬಳಿಯಿರಿ.

ದೊಡ್ಡ ಪಂಪ್ ಬೇಕೇ?

ಇಜೆ ಎಂಜಿನ್ನುಗಳಿಗೆ 10, 11, 12 ಮಿ.ಮೀ. ದಪ್ಪದ ರೋಟರಿನ ಪಂಪ್‌ಗಳು ಸಿಗುತ್ತವೆ. ದಪ್ಪ ಹೆಚ್ಚಿದಷ್ಟೂ ಒಂದು ಸುತ್ತಿಗೆ ಸಾಗಿಸುವ ಆಯಿಲ್ ಹೆಚ್ಚು. ಗೇಜಿನಲ್ಲಿ ಮುಳ್ಳು ಮೇಲೇರುವುದನ್ನು ಕಂಡು ಸಮಾಧಾನಪಡುವವರು ಬಹಳ. ಆದರೆ ಗಾಳಿ ಎಳೆಯುವ ಪಿಕಪ್ಪಿಗೆ ದೊಡ್ಡ ಪಂಪ್ ಸೇರಿಸಿದರೆ ಅದು ಸಂಪ್ ಅನ್ನು ಇನ್ನೂ ಬೇಗ ಬರಿದು ಮಾಡಿ ಆಯಿಲನ್ನು ಹೆಡ್‌ಗಳಿಗೆ ಸಾಗಿಸುತ್ತದೆ, ಅಷ್ಟೇ. ಬೇರಿಂಗ್ ಸಂದು ಬೇಕೆಂದೇ ಹೆಚ್ಚಿಸಿ ಕಟ್ಟಿದ ಎಂಜಿನ್ನಿಗೆ 12 ಮಿ.ಮೀ. ಪಂಪ್ ಸರಿ, ಕಂಪನಿಯ ಸಂದು ಇರುವ ಎಂಜಿನ್ನಿಗೆ ಸುಸ್ಥಿತಿಯಲ್ಲಿರುವ ಕಂಪನಿಯ ಪಂಪೇ ಸಾಕು. ಟೈಮಿಂಗ್ ಬೆಲ್ಟ್ ಬದಲಿಸುವಾಗ ಹೇಗೂ ಪಂಪಿನ ಹತ್ತಿರ ಹೋಗುತ್ತೀರಿ. ಆಗ ಪಂಪನ್ನು ಹೊರತೆಗೆದು ಅದರ ಹಿಂಬದಿಯ ಮುಚ್ಚಳದ ಸ್ಕ್ರೂಗಳು ಸಡಿಲಾಗಿವೆಯೇ ನೋಡಿ, ಒಂದೊಂದನ್ನೇ ತೆಗೆದು ಥ್ರೆಡ್‌ಲಾಕರ್ ಹಚ್ಚಿ ಬಿಗಿಯಿರಿ. ಈ ಎಂಜಿನ್ನಿನಲ್ಲಿ ಅವು ಸಡಿಲಾಗುವುದುಂಟು, ಸಡಿಲಾದರೆ ಒತ್ತಡ ಅಲ್ಲೇ ಸೋರಿಹೋಗುತ್ತದೆ.

ಆಯಿಲಿನ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಟ್ರ್ಯಾಕಿನ ಬಿಸಿಗೆ 5ಡಬ್ಲ್ಯು-30 ಬದಲು ಒಳ್ಳೆಯ ಸಿಂಥೆಟಿಕ್ 5ಡಬ್ಲ್ಯು-40 ಹಾಕುವುದು ರೂಢಿ. 100 ಡಿಗ್ರಿಯಲ್ಲಿ 30ರ ಆಯಿಲಿನ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸ್, 40ರದ್ದು 12.5ರಿಂದ 16.3. ಟ್ರ್ಯಾಕಿನ ದಿನ ಪ್ರತಿ ಸೆಷನ್ ಮುಗಿದ ಮೇಲೂ ಡಿಪ್‌ಸ್ಟಿಕ್ ನೋಡಿ, ಮಟ್ಟ ಮೇಲಿನ ಗುರುತಿನಲ್ಲೇ ಇರಲಿ. ಈ ಎಂಜಿನ್ ಆಯಿಲ್ ಕುಡಿಯುತ್ತದೆ. ಒಂದು ಲೀಟರ್ ಕಡಿಮೆಯಾದ ಸಂಪ್‌ನಲ್ಲಿ ಎಷ್ಟೇ ಬೆಲೆಯ ಬ್ಯಾಫಲ್ ಇದ್ದರೂ ಪ್ರಯೋಜನವಿಲ್ಲ. ಫಿಲ್ಟರ್ ಕೊಳ್ಳುವಾಗ ಅದರ ಬೈಪಾಸ್ ವಾಲ್ವ್ ಎಷ್ಟು ಒತ್ತಡಕ್ಕೆ ತೆರೆಯುತ್ತದೆ ಎಂದು ನೋಡಿ. ಸುಬಾರು ಫಿಲ್ಟರಿನದು ಸುಮಾರು 23 ಪಿಎಸ್‌ಐ, ಅಂಗಡಿಯ ಹಲವು ಫಿಲ್ಟರುಗಳದು ಅದಕ್ಕಿಂತ ಬಹಳ ಕಡಿಮೆ. ಬೇಗ ತೆರೆದುಕೊಳ್ಳುವ ಬೈಪಾಸ್ ಎಂದರೆ ಸೋಸದ ಆಯಿಲ್ ಬೇರಿಂಗಿಗೆ ಹೋದಂತೆ.

ಕೂಲರ್

ಎಸ್‌ಟಿಐನಲ್ಲಿ ಫಿಲ್ಟರಿಗೂ ಬ್ಲಾಕಿಗೂ ನಡುವೆ ಕೂಲಂಟ್‌ನಿಂದ ಆಯಿಲನ್ನು ತಣಿಸುವ ಸಣ್ಣ ಕೂಲರ್ ಮೊದಲೇ ಇದೆ. ಊರಿನ ಓಡಾಟಕ್ಕೆ ಅದು ಬಹಳ ಚೆನ್ನಾಗಿದೆ, ಚಳಿಯಲ್ಲಿ ಆಯಿಲನ್ನು ಬೇಗ ಬಿಸಿ ಮಾಡುವುದೂ ಅದೇ. ಥಂಡರ್‌ಹಿಲ್ ಇರುವ ಸ್ಯಾಕ್ರಮೆಂಟೊ ಕಣಿವೆಯಲ್ಲಿ ಜುಲೈ ತಿಂಗಳ ಬಿಸಿಲು 40 ಡಿಗ್ರಿ ದಾಟುವ ದಿನ, ಇಪ್ಪತ್ತು ನಿಮಿಷದ ಸೆಷನ್ನಿಗೆ ಅದು ಸಾಲುವುದಿಲ್ಲ. ಆಯಿಲ್ ತಾಪ 90ರಿಂದ 120 ಡಿಗ್ರಿ ಇದ್ದರೆ ನೆಮ್ಮದಿ. 130 ದಾಟಿದರೆ ಆ ಸುತ್ತಿಗೇ ವೇಗ ಇಳಿಸಿ ಒಳಗೆ ಬರಬೇಕು. ಲಾಗ್ ಇದನ್ನು ತೋರಿಸಿದ ಮೇಲೆಯೇ ಗಾಳಿಯ ಕೂಲರ್ ಹಾಕಿ.

ಫಿಲ್ಟರಿನ ಬುಡಕ್ಕೆ ಕೂರುವ, ಕೂಲರಿನ ಹೋಸುಗಳು ಸೇರುವ ಸ್ಯಾಂಡ್‌ವಿಚ್ ಪ್ಲೇಟಿನಲ್ಲಿ ಥರ್ಮೋಸ್ಟ್ಯಾಟ್ ಇರಲೇಬೇಕು, ಅದು ಸುಮಾರು 80 ಡಿಗ್ರಿಗೆ ತೆರೆಯುವಂಥದ್ದಾಗಿರಲಿ. ಇಲ್ಲದಿದ್ದರೆ ಡಿಸೆಂಬರಿನ ಬೆಳಗ್ಗೆ ಆಯಿಲ್ ಬಿಸಿಯೇ ಆಗದೆ, ಅದರಲ್ಲಿ ಸೇರಿದ ನೀರಿನ ಪಸೆ ಆವಿಯಾಗಿ ಹೋಗದೆ ಉಳಿಯುತ್ತದೆ. ಪ್ಲೇಟಿನ ಥ್ರೆಡ್ ಎಂ20x1.5 ಎಂದು ಖಚಿತಪಡಿಸಿಕೊಳ್ಳಿ. ಹಳೆಯ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಬ್ಲಾಕಿಗೇ ಅಂಟಿ ಉಳಿದಿಲ್ಲವೆಂದು ಬೆರಳಾಡಿಸಿ ನೋಡಿ; ರಿಂಗಿನ ಮೇಲೆ ರಿಂಗ್ ಕೂತರೆ ಮೊದಲ ಸಲ ಎಂಜಿನ್ ಏರಿಸಿದಾಗಲೇ ಅದು ಚಿಮ್ಮುತ್ತದೆ. ಹೋಸ್‌ಗಳು 10 ಎಎನ್ ಅಳತೆಯವಾದರೆ ಒಳವ್ಯಾಸ ಸುಮಾರು 14 ಮಿ.ಮೀ., ಹರಿವಿಗೆ ಅಡ್ಡಿಯಿಲ್ಲ. ಕೂಲರನ್ನು ಹೋಸಿನ ಬಾಯಿ ಕೆಳಮುಖವಾಗುವಂತೆ ಕಟ್ಟಬೇಡಿ, ಮೇಲೆ ಗಾಳಿ ಸಿಕ್ಕಿಬೀಳುತ್ತದೆ. ಹೋಸ್ ಎಲ್ಲಿ ಲೋಹಕ್ಕೆ ತಗಲುತ್ತದೋ ಅಲ್ಲೆಲ್ಲ ರಬ್ಬರ್ ಹೊದಿಕೆ ಕೊಡಿ. ಹೆಣೆದ ಸ್ಟೀಲ್ ಹೋಸ್ ಅರದಂತೆ ಕೆಲಸ ಮಾಡಿ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಕೂಲರಿನ ಮುಂದಿನಿಂದ ಬರುವ ಗಾಳಿ ಪಕ್ಕಕ್ಕೆ ತಪ್ಪಿಸಿಕೊಳ್ಳದಂತೆ ತಗಡಿನ ದಾರಿ ಮಾಡಿದರೆ ಚಿಕ್ಕ ಕೂಲರೂ ಚೆನ್ನಾಗಿ ಕೆಲಸ ಮಾಡುತ್ತದೆ.

ಉಸಿರಾಟದ ದಾರಿ

ತಿರುವಿನಲ್ಲಿ ಹೆಡ್‌ಗೆ ತುಂಬಿಕೊಂಡ ಆಯಿಲ್ ಅಲ್ಲಿಯ ಬ್ರೀದರ್ ಹೋಸಿನ ಮೂಲಕ ಇನ್‌ಟೇಕಿಗೆ ಸೇರುತ್ತದೆ. ಪೆಟ್ರೋಲಿನ ಜೊತೆ ಆಯಿಲಿನ ಮಂಜು ಉರಿದರೆ ನಾಕಿಂಗ್, ಅಂದರೆ ಇಂಧನ ಹಿಡಿತ ತಪ್ಪಿ ಸಿಡಿಯುವುದು, ಬೇಗ ಬರುತ್ತದೆ. ಕ್ಯಾಲಿಫೋರ್ನಿಯಾದ ಬಂಕುಗಳಲ್ಲಿ ಪ್ರೀಮಿಯಮ್ ಎಂದರೂ ಸಾಮಾನ್ಯವಾಗಿ ಸಿಗುವುದು 91 ಆಕ್ಟೇನ್, ಹಾಗಾಗಿ ಇಲ್ಲಿ ಅದರ ಪೆಟ್ಟು ಹೆಚ್ಚು. ಇದಕ್ಕೆ ಎರಡು ಬಗೆಯ ಪರಿಹಾರಗಳಿವೆ. ಕ್ಯಾಚ್ ಕ್ಯಾನ್ ಆಯಿಲನ್ನು ಡಬ್ಬಿಯಲ್ಲಿ ಹಿಡಿದಿಡುತ್ತದೆ, ನಾವು ಖಾಲಿ ಮಾಡುತ್ತಿರಬೇಕು. ಏರ್ ಆಯಿಲ್ ಸೆಪರೇಟರ್ ಆಯಿಲನ್ನು ಬೇರ್ಪಡಿಸಿ ಎಂಜಿನ್ನಿಗೇ ಹಿಂದಿರುಗಿಸುತ್ತದೆ. ನಾನು ಸೆಪರೇಟರಿನ ಪಕ್ಷ, ಏಕೆಂದರೆ ಟ್ರ್ಯಾಕಿನಲ್ಲಿ ಡಬ್ಬಿಗೆ ಸೇರುವ ಆಯಿಲ್ ಸಂಪ್‌ನಲ್ಲಿ ಇರಬೇಕಾದದ್ದೇ. ಕೂಲಂಟ್ ಹಾಯಿಸಿ ಬಿಸಿಯಾಗಿಡುವ ಸೆಪರೇಟರನ್ನೇ ಆರಿಸಿ. ತಣ್ಣನೆಯದರಲ್ಲಿ ನೀರಾವಿಯೂ ಆಯಿಲೂ ಬೆರೆತು ಮಜ್ಜಿಗೆಯಂತಹ ಬಿಳಿ ದ್ರವವಾಗುತ್ತದೆ, ಅದು ಸಂಪ್‌ಗೆ ಮರಳಬಾರದು. ರಸ್ತೆಯ ಕಾರಿನಲ್ಲಿ ಈ ದಾರಿಯನ್ನು ಬದಲಿಸುವ ಮುನ್ನ, ಆ ಭಾಗಕ್ಕೆ ಕ್ಯಾಲಿಫೋರ್ನಿಯಾದ ವಾಯು ಮಂಡಳಿಯ ಇಒ ಸಂಖ್ಯೆ, ಅಂದರೆ ಒಪ್ಪಿಗೆಯ ಸಂಖ್ಯೆ, ಇದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಸ್ಮಾಗ್ ಪರೀಕ್ಷೆಯಲ್ಲಿ ಕಾರು ನಿಲ್ಲುತ್ತದೆ.

ಟರ್ಬೊಗೆ ಆಯಿಲ್ ಕೊಡುವ ಕೊಳವೆಯ ಬ್ಯಾಂಜೊ ಬೋಲ್ಟಿನೊಳಗೆ (ಆಯಿಲ್ ಹಾಯುವ ಪೊಳ್ಳು ಬೋಲ್ಟು) ಕೆಲವು ವರ್ಷಗಳ ಮಾದರಿಗಳಲ್ಲಿ ಸಣ್ಣ ಜಾಲರಿ ಇರುತ್ತದೆ. ಅದು ಕಟ್ಟಿಕೊಂಡರೆ ಟರ್ಬೊ ಬೇರಿಂಗ್ ಒಣಗುತ್ತದೆ, ಅದರ ಲೋಹದ ಚೂರು ಎಂಜಿನ್ನಿಗೂ ಹೋಗುತ್ತದೆ. ಬಿಚ್ಚಿ ನೋಡುವುದು ಹತ್ತು ನಿಮಿಷದ ಕೆಲಸ.

ಇಷ್ಟಾದರೂ ಒತ್ತಡ ಇಳಿದರೆ

ಗೀರುಗಳಿಲ್ಲದ ಸ್ಲಿಕ್ ಟೈರು ಹಾಕಿದ, ರೇಸಿಗೇ ಮೀಸಲಾದ ಕಾರಿನಲ್ಲಿ ಪಿಕಪ್ ಮತ್ತು ಬ್ಯಾಫಲ್ ಸಾಲದಿರಬಹುದು. ಆಗ ಆಯಿಲ್ ಅಕ್ಯುಮುಲೇಟರ್ ಬಳಸಬಹುದು. ಕ್ಯಾಂಟನ್ ಕಂಪನಿಯ ಅಕ್ಯೂಸಂಪ್ ಇದರಲ್ಲಿ ಹೆಸರಾದದ್ದು. ಒಂದು ಸಿಲಿಂಡರಿನೊಳಗೆ ಪಿಸ್ಟನ್, ಅದರ ಒಂದು ಬದಿಗೆ ಒತ್ತಿಟ್ಟ ಗಾಳಿ, ಇನ್ನೊಂದು ಬದಿಗೆ ಎಂಜಿನ್ ಆಯಿಲ್. ಪಂಪಿನ ಒತ್ತಡ ಬಿದ್ದ ಕ್ಷಣ ಗಾಳಿ ಆಯಿಲನ್ನು ಎಂಜಿನ್ನಿಗೆ ತಳ್ಳುತ್ತದೆ, ತಿರುವು ಮುಗಿದ ಮೇಲೆ ಪಂಪ್ ಅದನ್ನು ಮತ್ತೆ ತುಂಬುತ್ತದೆ. ಎಂಜಿನ್ ಶುರು ಮಾಡುವ ಮುನ್ನವೇ ಬೇರಿಂಗಿಗೆ ಆಯಿಲ್ ಕೊಡಲು ಸಾಧ್ಯವಾಗುವುದು ಇದರ ಇನ್ನೊಂದು ಲಾಭ. ಇದನ್ನು ಹಾಕಿದವರು ಆಯಿಲ್ ಮಟ್ಟ ನೋಡುವ ರೀತಿಯನ್ನು ಹೊಸದಾಗಿ ಕಲಿಯಬೇಕು. ಸಿಲಿಂಡರಿನ ಆಯಿಲ್ ಸಂಪ್‌ಗೆ ಇಳಿದಿದ್ದರೆ ಡಿಪ್‌ಸ್ಟಿಕ್ ಒಂದು ಮಟ್ಟ ತೋರಿಸುತ್ತದೆ, ವಾಲ್ವ್ ಮುಚ್ಚಿ ಹಿಡಿದಿಟ್ಟಿದ್ದರೆ ಇನ್ನೊಂದು. ಡ್ರೈ ಸಂಪ್ ಇದಕ್ಕೂ ಮುಂದಿನ ಹೆಜ್ಜೆ: ಸಂಪ್‌ನಿಂದ ಆಯಿಲನ್ನು ಬೇರೆ ಪಂಪ್‌ಗಳು ಎಳೆದು ಎತ್ತರದ ಟ್ಯಾಂಕಿಗೆ ತುಂಬುತ್ತವೆ, ಒತ್ತಡದ ಪಂಪ್ ಆ ಟ್ಯಾಂಕಿನಿಂದಲೇ ತೆಗೆದುಕೊಳ್ಳುತ್ತದೆ. ಅದರ ಖರ್ಚು ಮತ್ತು ಕೆಲಸ ರೇಸ್ ತಂಡಗಳಿಗೆ ಹೊಂದುವಂಥದ್ದು. ತಿಂಗಳಿಗೊಮ್ಮೆ ಟ್ರ್ಯಾಕಿಗೆ ಹೋಗುವವರಿಗೆ ಅದು ಬೇಡ.

ಕರ್ನಾಟಕದಿಂದ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೋ ತಮ್ಮ ಕಾರು ಒಯ್ಯುವವರ ಎಂಜಿನ್ ಬೇರೆ, ಭಾಗಗಳ ಹೆಸರು ಬೇರೆ. ಆದರೂ ಮೊದಲು ಗೇಜು, ಆಮೇಲೆ ಪಿಕಪ್ ಮತ್ತು ಸಂಪ್, ಆಮೇಲೆ ತಾಪ ಎಂಬ ಕ್ರಮ ಅಲ್ಲಿಗೂ ಹೊಂದುತ್ತದೆ.

ಮೊದಲ ಸ್ಟಾರ್ಟ್, ಮೊದಲ ದಿನ

ಜೋಡಣೆ ಮುಗಿದ ಮೇಲೆ ಗ್ಯಾಸ್ಕೆಟ್ ಒಣಗಲು ಅದರ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಬಿಡಿ. ಹೊಸ ಫಿಲ್ಟರಿಗೆ ಆಯಿಲ್ ತುಂಬಿಸಿ ಹಾಕಿ. ಇಗ್ನಿಷನ್ ಮತ್ತು ಇಂಧನದ ಫ್ಯೂಸ್ ತೆಗೆದು, ಗೇಜಿನಲ್ಲಿ ಒತ್ತಡ ಕಾಣುವವರೆಗೆ ಸ್ಟಾರ್ಟರಿನಿಂದ ಹತ್ತು ಹತ್ತು ಸೆಕೆಂಡು ಎಂಜಿನ್ ತಿರುಗಿಸಿ, ನಡುವೆ ಸ್ಟಾರ್ಟರ್ ತಣಿಯಲು ಬಿಡಿ. ಒತ್ತಡ ಬಂದ ಮೇಲೆಯೇ ಫ್ಯೂಸ್ ಹಾಕಿ ಶುರು ಮಾಡಿ. ಬಿಸಿಯಾದ ನಂತರ ನಿಲ್ಲಿಸಿ, ಕೂಲರಿಗೂ ಹೋಸಿಗೂ ಹೋದ ಆಯಿಲಿನಷ್ಟು ಸೇರಿಸಿ, ಪ್ರತಿ ಜೋಡಣೆಯ ಕೆಳಗೂ ಬಿಳಿ ಬಟ್ಟೆ ಒತ್ತಿ ನೋಡಿ.

ಮೊದಲ ಟ್ರ್ಯಾಕ್ ದಿನ ಮುಗಿಸಿ ಮನೆಗೆ ಬಂದ ಮೇಲೆ ಆಯಿಲ್ ಬದಲಿಸಿ, ಹಳೆಯ ಫಿಲ್ಟರನ್ನು ಫಿಲ್ಟರ್ ಕತ್ತರಿಸುವ ಉಪಕರಣದಿಂದಲೇ ತೆರೆಯಿರಿ. ಗರಗಸ ಹಾಕಿದರೆ ಅದರ ಪುಡಿಯೇ ಒಳಗೆ ಬಿದ್ದು ಮೋಸವಾಗುತ್ತದೆ. ಒಳಗಿನ ಮಡಿಕೆ ಕಾಗದವನ್ನು ಕತ್ತರಿಸಿ ತೆಗೆದು, ಹಿಂಡಿ, ಬಿಸಿಲಿನಲ್ಲಿ ಬಿಡಿಸಿ ಹಿಡಿಯಿರಿ. ಅಲ್ಲೊಂದು ಇಲ್ಲೊಂದು ಕಪ್ಪು ಇಂಗಾಲದ ಚುಕ್ಕೆ ಇದ್ದರೆ ಚಿಂತೆಯಿಲ್ಲ. ಕಾಗದವನ್ನು ಅಲುಗಿಸಿದಾಗ ಮಡಿಕೆಗಳ ನಡುವೆ ಬೆಳ್ಳಿಯ ಹುಡಿಯಂತೆ ಮಿನುಗಿದರೆ ಅದಕ್ಕೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಕಬ್ಬಿಣ. ಅಂಟದೆ ಚಪ್ಪಟೆ ಹಕ್ಕಳೆಗಳಾಗಿ ಉಳಿದು, ನಡುವೆ ತಾಮ್ರದ ಬಣ್ಣವೂ ಕಂಡರೆ ಅದು ಬೇರಿಂಗಿನ ಪದರ. ಅಂತಹ ಎಂಜಿನ್ನನ್ನು ಮತ್ತೆ ಶುರು ಮಾಡಬೇಡಿ, ಗ್ಯಾರೇಜಿಗೆ ಓಡಿಸಿಕೊಂಡು ಹೋಗುವಷ್ಟೂ ಬೇಡ. ಕ್ರ್ಯಾಂಕ್ ತೆಗೆದು ನೋಡುವ ಹೊತ್ತಿಗೆ ಆಯಿಲ್ ಕೂಲರನ್ನೂ ಅದರ ಹೋಸುಗಳನ್ನೂ ಬಿಚ್ಚಿ ಎಸೆಯಿರಿ. ಕೂಲರಿನ ಕಿರಿದಾದ ದಾರಿಗಳಲ್ಲಿ ಸಿಕ್ಕ ಲೋಹದ ಹುಡಿಯನ್ನು ಎಷ್ಟು ತೊಳೆದರೂ ಪೂರ್ತಿ ತೆಗೆಯಲಾಗುವುದಿಲ್ಲ, ಹೊಸದಾಗಿ ಕಟ್ಟಿದ ಎಂಜಿನ್ ಬಿಸಿಯಾಗಿ ಥರ್ಮೋಸ್ಟ್ಯಾಟ್ ತೆರೆದ ಕೂಡಲೇ ಆ ಹುಡಿ ಹೊಸ ಬೇರಿಂಗುಗಳತ್ತ ಹೊರಡುತ್ತದೆ.